ಅಡುಗೆಮನೆಯ ಮಾತು: ಬ್ರೆಡ್ಡು ಬೇಡವಾದರೆ ಏನು ಬಡಿಸುವುದು?

ಕಳೆದ ಮೂರು ತಿಂಗಳಲ್ಲಿ ಈ ಪುಟಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯವನ್ನು ಕುರಿತವು. ನಂಗನಲ್ಲೂರಿನ ಸೋದರಿಯೊಬ್ಬರು ಬರೆಯುತ್ತಾರೆ: ಯಜಮಾನರಿಗೆ ಸಕ್ಕರೆ ಕಾಯಿಲೆ; ಅನ್ನ ಕಡಿಮೆ ಮಾಡಿ ಎಂದು ವೈದ್ಯರು ಹೇಳಿದರು; ಇಡ್ಲಿ ಬಿಡಿಸಿ ಬೆಳಿಗ್ಗೆ ನಾಲ್ಕು ಸ್ಲೈಸು ಬ್ರೆಡ್ಡು ಕೊಡತೊಡಗಿದೆ; ಈಗ ಮಗ ಬ್ರೆಡ್ಡೂ ಕೂಡದೆನ್ನುತ್ತಾನೆ; ಇನ್ನು ತಟ್ಟೆಗೆ ಏನನ್ನು ಹಾಕಲಿ? ಅಯನಾವರದ ಹಿರಿಯರೊಬ್ಬರದು ಪ್ರಶ್ನೆಯಲ್ಲ, ತೀರ್ಪು: ನಮ್ಮ ರಾಗಿಮುದ್ದೆ ಇರುವಾಗ ಯೋಚನೆಯೇಕೆ, ಅದನ್ನು ಎಷ್ಟು ಉಂಡರೂ ಸಕ್ಕರೆ ಏರದು! ಅಣ್ಣಾನಗರದ ತರುಣಿಯೊಬ್ಬಳಿಗೆ ಬಾದಾಮಿ ಹಿಟ್ಟಿನ ಬ್ರೆಡ್ಡಿನ ಮೇಲೆ ಮನಸ್ಸು. ಮೂವರಿಗೂ ಇಲ್ಲಿಯೇ ಉತ್ತರ ಹೇಳಿಬಿಡುತ್ತೇನೆ. ಹಿರಿಯರು ಸ್ವಲ್ಪ ಕ್ಷಮಿಸಬೇಕು.

ಬ್ರೆಡ್ಡು ನಮ್ಮ ಮನೆಗಳನ್ನು ಹೊಕ್ಕದ್ದು ಔಷಧದ ಸೀಸೆಯ ಜೊತೆಯಲ್ಲಿ ಎಂದರೆ ತಪ್ಪಾಗದು. ಜ್ವರ ಬಂದು ಎರಡು ದಿನ ಲಂಘನವಾದ ಮೇಲೆ ಬಿಸಿ ಹಾಲಿನಲ್ಲಿ ಅದ್ದಿದ ಬ್ರೆಡ್ಡು. ಆಸ್ಪತ್ರೆಯಲ್ಲಿರುವ ನೆಂಟರನ್ನು ನೋಡಲು ಹೊರಟರೆ ಕೈಯಲ್ಲಿ ಒಂದು ಬ್ರೆಡ್ಡು, ನಾಲ್ಕು ಮೂಸಂಬಿ. ರೋಗಿಗೆ ಕೊಡುವ ವಸ್ತುವಾದ್ದರಿಂದ ಅದು ಹಗುರವಾದದ್ದು, ಯಾರಿಗೂ ಕೇಡು ಮಾಡದ್ದು ಎಂಬ ನಂಬಿಕೆ ಬೇರೂರಿತು. ಹಗುರವೇನೋ ಹೌದು, ಒಳಗೆ ಗಾಳಿಯಿರುವುದರಿಂದ! ಗಾಳಿಯನ್ನು ಬಿಟ್ಟರೆ ಉಳಿಯುವುದು ಮೈದಾ. 30 ಗ್ರಾಂ ತೂಗುವ ಒಂದು ಸ್ಲೈಸಿನಲ್ಲಿ ಸುಮಾರು 15 ಗ್ರಾಂ ಪಿಷ್ಟವೂ 75ರಿಂದ 80 ಕ್ಯಾಲೊರಿಯೂ ಇರುತ್ತವೆ. ನಾಲ್ಕು ಸ್ಲೈಸಿಗೆ 60 ಗ್ರಾಂ ಪಿಷ್ಟವಾಯಿತು. ಪಿಷ್ಟವೆಂದರೆ ಸಕ್ಕರೆಯ ಸರಪಣಿ. ಕರುಳು ಅದನ್ನು ಕೊಂಡಿ ಕೊಂಡಿಯಾಗಿ ಕಳಚಿ ರಕ್ತಕ್ಕೆ ಬಿಡುತ್ತದೆ. ಮೈದಾದಲ್ಲಿ ನಾರು ಕಡಿಮೆ, ಅರೆದದ್ದು ನುಣುಪು. ಆದ್ದರಿಂದ ಕಳಚುವ ಕೆಲಸ ಬೇಗ ಮುಗಿಯುತ್ತದೆ, ಸಕ್ಕರೆ ಬೇಗ ಏರುತ್ತದೆ.

ಕಂದುಬಣ್ಣದ ಬ್ರೆಡ್ಡು ತಂದರಾಯಿತಲ್ಲ ಎನ್ನುವವರು ಅಂಗಡಿಯಲ್ಲಿ ಒಂದು ನಿಮಿಷ ನಿಂತು ಪೊಟ್ಟಣದ ಹಿಂಬದಿಯನ್ನು ಓದಬೇಕು. ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿಯೇ ಅಚ್ಚು ಹಾಕಬೇಕೆಂದು ಕಾನೂನಿದೆ. ಮೊದಲ ಹೆಸರು ಮೈದಾ ಎಂದಿದ್ದು, ಕೆಳಗೆಲ್ಲೋ ಕ್ಯಾರಮೆಲ್ ಎಂಬ ಬಣ್ಣದ ಹೆಸರಿದ್ದರೆ, ಅದು ಬಿಳಿಯ ಬ್ರೆಡ್ಡೇ. ವೇಷ ಮಾತ್ರ ಬೇರೆ. ನಿಜವಾದ ಗೋಧಿಯದಾದರೆ ನಾರು ಹೆಚ್ಚು, ಅಷ್ಟು ಲಾಭ ಉಂಟು. ಆದರೆ ಪಿಷ್ಟ ಅಲ್ಲಿಯೂ ಇದ್ದೇ ಇದೆ.

ಇನ್ನು ರಾಗಿಯ ಮಾತು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ ನಮ್ಮ ದೇಶದ ಆಹಾರಗಳನ್ನೆಲ್ಲ ಪರೀಕ್ಷಿಸಿ 2017ರಲ್ಲಿ ಒಂದು ದೊಡ್ಡ ಕೋಷ್ಟಕವನ್ನು ಪ್ರಕಟಿಸಿತು. ಅದರಂತೆ 100 ಗ್ರಾಂ ಬಿಳಿ ಅಕ್ಕಿಯಲ್ಲಿ ಪಿಷ್ಟವೇ ಮೊದಲಾದ ಶರ್ಕರಗಳು 78 ಗ್ರಾಂ, ರಾಗಿಯಲ್ಲಿ 67, ಜೋಳದಲ್ಲಿ 68, ಗೋಧಿ ಹಿಟ್ಟಿನಲ್ಲಿ 64. ಕ್ಯಾಲೊರಿ ನೋಡಿದರೆ ಅಕ್ಕಿಗೆ 356, ಜೋಳಕ್ಕೆ 334, ರಾಗಿಗೂ ಗೋಧಿಗೂ 320ರ ಆಸುಪಾಸು. ವ್ಯತ್ಯಾಸ ಉಂಟು, ಆದರೆ ನಾವು ಎಣಿಸಿದಷ್ಟಿಲ್ಲ. 100 ಗ್ರಾಂ ಹಿಟ್ಟಿನಲ್ಲಿ ಕಟ್ಟಿದ ಒಂದು ಭರ್ತಿ ಮುದ್ದೆಯನ್ನು ಉಂಡರೆ, ಪಿಷ್ಟದ ಲೆಕ್ಕದಲ್ಲಿ ನಾಲ್ಕೂವರೆ ಸ್ಲೈಸು ಬ್ರೆಡ್ಡು ತಿಂದಂತಾಯಿತು. ನಾರು ಹೆಚ್ಚಿರುವುದರಿಂದ ಹೊಟ್ಟೆ ತುಂಬಿದಂತಿರುತ್ತದೆ, ಸರಿಯೇ; ಆದರೆ "ಎಷ್ಟು ಉಂಡರೂ" ಎಂಬ ಮಾತು ಮಾತ್ರ ಸಲ್ಲದು. ಅದೇ ರಾಗಿಯನ್ನು ಗಾಳಿಸಿ, ನುಣ್ಣನೆಯ ಹಿಟ್ಟು ಮಾಡಿ, ತೆಳ್ಳಗೆ ಗಂಜಿ ಕಾಯಿಸಿ ಕುಡಿದರಂತೂ ಸಕ್ಕರೆ ಏರುವುದಕ್ಕೆ ರಾಜಮಾರ್ಗವನ್ನೇ ಹಾಕಿಕೊಟ್ಟಂತೆ.

ರಾಗಿಯ ಮೇಲೆ ನನಗೆ ಮುನಿಸಿಲ್ಲ. 100 ಗ್ರಾಂ ರಾಗಿಯಲ್ಲಿ 360 ಮಿಲಿಗ್ರಾಂಗೂ ಹೆಚ್ಚು ಸುಣ್ಣದಂಶವಿದೆ. ಅಕ್ಕಿಯಲ್ಲಿ ಹತ್ತೂ ಇಲ್ಲ. ಬೆಳೆಯುವ ಮಕ್ಕಳಿಗೆ, ಮೂಳೆ ಸವೆಯುವ ವಯಸ್ಸಿನ ಹೆಂಗಸರಿಗೆ ಅದಕ್ಕಿಂತ ಒಳ್ಳೆಯ ಧಾನ್ಯವಿಲ್ಲ. ಆದರೆ ಸಕ್ಕರೆ ಕಾಯಿಲೆಗೆ ಅದನ್ನೇ ಔಷಧವೆಂದು ತಿಳಿದು ಎರಡು ಮುದ್ದೆಯ ಜಾಗದಲ್ಲಿ ಮೂರು ನುಂಗುವುದು ಬೇರೆ ಮಾತು.

ಈ ಮಾತು ನನ್ನ ಸ್ವಂತ ಕಲ್ಪನೆಯಲ್ಲ. ನಾವಿರುವ ಊರಿನಿಂದಲೇ ಹೊರಟದ್ದು. ಸಕ್ಕರೆ ಕಾಯಿಲೆಯ ವಿಷಯದಲ್ಲಿ ಮದ್ರಾಸಿಗೆ ಹಳೆಯ ಹೆಸರಿದೆ. ಡಾಕ್ಟರ್ ಎಂ. ವಿಶ್ವನಾಥನ್ ಅವರು 1948ರಲ್ಲಿ ಸ್ಟಾನ್ಲಿ ಆಸ್ಪತ್ರೆಯಲ್ಲಿ ಈ ಕಾಯಿಲೆಗೆಂದೇ ಪ್ರತ್ಯೇಕ ಚಿಕಿತ್ಸಾಲಯವನ್ನು ತೆರೆದರು. 1954ರಲ್ಲಿ ರಾಯಪುರಂನಲ್ಲಿ ಒಂದು ಆಸ್ಪತ್ರೆಯನ್ನೇ ಕಟ್ಟಿದರು. ಅವರ ಮಗ ಡಾಕ್ಟರ್ ವಿ. ಮೋಹನ್, ಮೊಮ್ಮಗಳು ಡಾಕ್ಟರ್ ಆರ್. ಎಂ. ಅಂಜನಾ ಅದೇ ದಾರಿಯಲ್ಲಿ ನಡೆದವರು. ಮೂರು ತಲೆಮಾರು ಒಂದೇ ಕಾಯಿಲೆಯ ಬೆನ್ನು ಹತ್ತಿದ್ದು ಸಾಮಾನ್ಯವೇ? ಇಲ್ಲಿನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಷನ್ನಿನವರು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೊಡನೆ ಸೇರಿ ದೇಶದ ಎಲ್ಲ ರಾಜ್ಯಗಳಲ್ಲಿ ಸಮೀಕ್ಷೆ ನಡೆಸಿದರು. ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಈ ಕಾಯಿಲೆಯಿದೆ, ಇನ್ನೂ 13 ಕೋಟಿಗೂ ಹೆಚ್ಚು ಮಂದಿ ಅದರ ಹೊಸ್ತಿಲಲ್ಲಿದ್ದಾರೆ ಎಂದು 2023ರಲ್ಲಿ ತಿಳಿಸಿದವರು ಇವರೇ.

ಅದೇ ಸಮೀಕ್ಷೆಯ ಊಟದ ಭಾಗ 2025ರಲ್ಲಿ "ನೇಚರ್ ಮೆಡಿಸಿನ್" ಪತ್ರಿಕೆಯಲ್ಲಿ ಬಂತು. 1 ಲಕ್ಷ 21 ಸಾವಿರ ಮಂದಿಯ ಲೆಕ್ಕ. ನಾವು ದಿನಕ್ಕೆ ತಿನ್ನುವ ಕ್ಯಾಲೊರಿಗಳಲ್ಲಿ ನೂರಕ್ಕೆ 62 ಪಾಲು ಪಿಷ್ಟ, ಸಕ್ಕರೆಗಳಿಂದಲೇ ಬರುತ್ತದೆಯಂತೆ. ಕಿರುಧಾನ್ಯವನ್ನು ಮುಖ್ಯ ಆಹಾರವಾಗಿ ಉಣ್ಣುವವರು ಕರ್ನಾಟಕ, ಮಹಾರಾಷ್ಟ್ರ, ಗುಜರಾತು, ಈ ಮೂರು ರಾಜ್ಯಗಳಲ್ಲಿ ಮಾತ್ರ. ನಮಗೆ ಎದೆಯುಬ್ಬಿಸಲು ಕಾರಣವಾಯಿತಷ್ಟೆ? ಮುಂದಿನ ವಾಕ್ಯ ಅಷ್ಟು ಸಿಹಿಯಾಗಿಲ್ಲ. ಬಿಳಿ ಅಕ್ಕಿ ಮೈದಾಗಳ ಜಾಗದಲ್ಲಿ ಅಷ್ಟೇ ಪ್ರಮಾಣದ ಗೋಧಿ ಹಿಟ್ಟನ್ನೋ ಕಿರುಧಾನ್ಯದ ಹಿಟ್ಟನ್ನೋ ತಂದರೆ ಮಾತ್ರಕ್ಕೆ ಕಾಯಿಲೆಯ ಸಂಭವ ಕಡಿಮೆಯಾದದ್ದು ಅಲ್ಲಿ ಕಾಣಲಿಲ್ಲ. ಪಿಷ್ಟದಿಂದ ಬರುವ ಕ್ಯಾಲೊರಿಯಲ್ಲಿ ನೂರಕ್ಕೆ 5 ಪಾಲನ್ನು ತೆಗೆದು, ಆ ಜಾಗದಲ್ಲಿ ಬೇಳೆಕಾಳಿನ ಅಥವಾ ಹಾಲುಮೊಸರಿನ ಪ್ರೋಟೀನು ಇದ್ದ ಕಡೆ ಸಂಭವ ಇಳಿದಿತ್ತು. ಇದು ಒಂದು ಕಾಲದಲ್ಲಿ ಹಿಡಿದ ಚಿತ್ರ. ಇದರಿಂದಲೇ ಅದಾಯಿತು ಎಂದು ಪ್ರಮಾಣ ಮಾಡಿ ಹೇಳುವ ಬಗೆಯ ಪರೀಕ್ಷೆಯಲ್ಲ. ಆದರೂ ಮನೆಯೊಡತಿಗೆ ದಾರಿ ತೋರಿಸಲು ಇಷ್ಟು ಸಾಕು: ಹಿಟ್ಟನ್ನು ಬದಲಾಯಿಸುವುದಲ್ಲ, ಹಿಟ್ಟನ್ನು ತಗ್ಗಿಸಿ ಬೇಳೆಯನ್ನು ಏರಿಸುವುದು.

ನೂರಕ್ಕೆ 5 ಎಂದರೆ ಎಷ್ಟು? ದಿನಕ್ಕೆ 1,800 ಕ್ಯಾಲೊರಿ ತಿನ್ನುವವರಿಗೆ 90 ಕ್ಯಾಲೊರಿ. ಹೆಚ್ಚುಕಡಿಮೆ ಒಂದು ಚಪಾತಿ. ಅದರ ಬದಲಿಗೆ ಬೇಕಾದದ್ದು 22 ಗ್ರಾಂ ಪ್ರೋಟೀನು, ನಮ್ಮ ಶಾಲೆಯ ಪುಸ್ತಕ ಸಸಾರಜನಕ ಎನ್ನುತ್ತಿತ್ತಲ್ಲ, ಅದೇ. 100 ಗ್ರಾಂ ಒಣ ಬೇಳೆಯಲ್ಲಿ ಅಷ್ಟಿರುತ್ತದೆ. ಆದರೆ ಬೇಳೆಯೂ ಪಿಷ್ಟವನ್ನು ಬೆನ್ನಿಗೆ ಕಟ್ಟಿಕೊಂಡೇ ಬರುತ್ತದೆ: ಕಡಲೆಬೇಳೆಯಲ್ಲಿ 47 ಗ್ರಾಂ, ಹೆಸರುಬೇಳೆಯಲ್ಲಿ 53, ತೊಗರಿಬೇಳೆಯಲ್ಲಿ 55. ಹಾಗಾಗಿ ಅನ್ನ ಚಪಾತಿಗಳನ್ನು ಮೊದಲಿನಷ್ಟೇ ಉಂಡು ಮೇಲೆ ಒಂದು ಬಟ್ಟಲು ಉಸಲಿ ತಿಂದರೆ ಲೆಕ್ಕ ಕೂಡುವುದಿಲ್ಲ. ಬೇಳೆ ಒಳಗೆ ಬಂದಷ್ಟೂ ಧಾನ್ಯ ಹೊರಗೆ ಹೋಗಬೇಕು. ಬೇಳೆಯೊಂದರಿಂದಲೇ ತುಂಬಿಸಬೇಕೆಂದೂ ಇಲ್ಲ. ಮೊಸರು, ಹಾಲು, ಪನೀರು ಸೇರಿ ದಿನವಿಡೀ ಹಂಚಿಹೋಗಲಿ.

ಈಗ ನಂಗನಲ್ಲೂರಿನ ಸೋದರಿಯ ತಟ್ಟೆಗೆ ಬರೋಣ. ಬ್ರೆಡ್ಡಿನ ಬದಲಿಗೆ ನಾನು ಮೊದಲು ಹೇಳುವ ಹೆಸರು ನುಚ್ಚಿನುಂಡೆ. ಹಳೆಯ ಮೈಸೂರಿನ ಕಡೆಯವರಿಗೆ ಪರಿಚಯ ಹೇಳಬೇಕಾದ್ದಿಲ್ಲ. ಇಲ್ಲಿ ಹುಟ್ಟಿ ಬೆಳೆದ ಮಕ್ಕಳಿಗಾಗಿ ಬರೆಯುತ್ತೇನೆ. 200 ಗ್ರಾಂ ತೊಗರಿಬೇಳೆಯನ್ನು, ಬೇಕಾದರೆ ಅದರಲ್ಲಿ ಅರ್ಧ ಕಡಲೆಬೇಳೆ ಬೆರೆಸಿ, ಮೂರು ಗಂಟೆ ನೆನೆಸಿ. ನೀರನ್ನು ಚೆನ್ನಾಗಿ ಬಸಿದು ಹಸಿಮೆಣಸಿನಕಾಯಿ, ಶುಂಠಿಯೊಡನೆ ತರಿತರಿಯಾಗಿ ರುಬ್ಬಿ. ನುಣ್ಣಗೆ ರುಬ್ಬಿದಿರೋ, ಉಂಡೆ ಕಲ್ಲಾಗುತ್ತದೆ. ರುಬ್ಬುವಾಗ ನೀರು ಹಾಕಕೂಡದು. ತೆಂಗಿನತುರಿ, ಇಂಗು, ಉಪ್ಪು, ಕೊತ್ತಂಬರಿ, ಹೆಚ್ಚಿದ ಸಬ್ಬಸಿಗೆ ಸೊಪ್ಪು ಕಲಸಿ, ನಿಂಬೆಹಣ್ಣಿನ ಗಾತ್ರಕ್ಕಿಂತ ಸ್ವಲ್ಪ ದೊಡ್ಡದಾಗಿ ನೀಳವಾದ ಉಂಡೆ ಕಟ್ಟಿ, ಇಡ್ಲಿ ಪಾತ್ರೆಯಲ್ಲಿ ಹದಿನೈದು ನಿಮಿಷ ಬೇಯಿಸಿ. ಸಬ್ಬಸಿಗೆ ಸೊಪ್ಪು ಚೆನ್ನೈಯಲ್ಲಿ ಎಲ್ಲ ಬೀದಿಗಳಲ್ಲೂ ಸಿಗುವುದಿಲ್ಲ. ಅದಕ್ಕಾಗಿ ಊರು ಸುತ್ತುವುದು ಬೇಡ, ಮುರುಂಗೈ ಕೀರೈ ಎಂದು ಮನೆ ಬಾಗಿಲಿಗೇ ಬರುವ ನುಗ್ಗೆಸೊಪ್ಪನ್ನು ಹಾಕಿ. ರುಚಿ ಬೇರೆಯಾದೀತು, ಕೆಟ್ಟದಾಗದು.

ಇಷ್ಟು ಬೇಳೆಗೆ ಹನ್ನೆರಡು ಉಂಡೆಗಳಾಗುತ್ತವೆ. ನಾಲ್ಕು ತಿಂದರೆ 37 ಗ್ರಾಂನಷ್ಟು ಪಿಷ್ಟ, 14 ಗ್ರಾಂಗೆ ಮೇಲ್ಪಟ್ಟು ಪ್ರೋಟೀನು. ನಾಲ್ಕು ಸ್ಲೈಸು ಬ್ರೆಡ್ಡಿನ 60 ಗ್ರಾಂ ಪಿಷ್ಟದೊಡನೆ ಹೋಲಿಸಿ ನೋಡಿ. ಹೊಟ್ಟೆ ಹಿಡಿದುಕೊಂಡು ನಿಲ್ಲುವುದೂ ಇದೇ. ಬ್ರೆಡ್ಡು ತಿಂದವರು ಹನ್ನೊಂದು ಗಂಟೆಗೆ ಬಿಸ್ಕತ್ತಿನ ಡಬ್ಬಿ ಹುಡುಕುವುದನ್ನು ನಾವು ಕಾಣದವರಲ್ಲ.

ಬ್ರೆಡ್ಡಿನಂತೆ ಹರಡಿಕೊಂಡು, ಮಡಚಿ ತಿನ್ನುವಂಥದೇ ಬೇಕೆಂದರೆ ಹೆಸರುಕಾಳಿನ ದೋಸೆ ಇದೆ. ಕಾಳನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಶುಂಠಿ ಜೀರಿಗೆಯೊಡನೆ ರುಬ್ಬಿ ಹುಯ್ದರೆ ಮುಗಿಯಿತು. ಹುದುಗಬೇಕಾದ್ದಿಲ್ಲ, ಅಕ್ಕಿ ಬೇಕಿಲ್ಲ. ಗರಿಗರಿಯಾಗಲೆಂದು ಒಂದು ಹಿಡಿ ಅಕ್ಕಿ ಹಾಕುವ ರೂಢಿಯುಂಟು, ಹಿಡಿ ಹಿಡಿಯಾಗಿಯೇ ಇರಲಿ. ಇಲ್ಲಿನವರ ಅಡೈ ಕೂಡ ಈ ಜಾತಿಯದೇ, ಆದರೆ ನೆರೆಮನೆಯ ಮಾಮಿಯನ್ನು ಅಳತೆ ಕೇಳಿಕೊಳ್ಳಿ. ಎರಡು ಪಾಲು ಅಕ್ಕಿಗೆ ಒಂದು ಪಾಲು ಬೇಳೆ ಹಾಕುವ ಮನೆಯೂ ಉಂಟು, ಅದನ್ನು ತಿರುಗುಮುರುಗು ಮಾಡಬೇಕು. ನಮ್ಮ ಉದ್ದಿನ ದೋಸೆ ಇಡ್ಲಿಗಳಲ್ಲಿ ಮೂರು ಪಾಲು ಅಕ್ಕಿಗೆ ಒಂದು ಪಾಲು ಉದ್ದು. ಹುದುಗಿದ ಮಾತ್ರಕ್ಕೆ ಅಕ್ಕಿಯ ಪಿಷ್ಟ ಎಲ್ಲಿಗೂ ಓಡಿಹೋಗುವುದಿಲ್ಲ. ಈ ಊರಿಗೆ ಮಸಾಲೆದೋಸೆಯ ರುಚಿ ಹತ್ತಿಸಿದ್ದರಲ್ಲಿ ನಮ್ಮ ಉಡುಪಿ ಹೋಟೆಲಿನವರ ಪಾಲು ದೊಡ್ಡದು. 1962ರಲ್ಲಿ ಕೆಥೆಡ್ರಲ್ ರಸ್ತೆಯಲ್ಲಿ ತೆರೆದು 2008ರಲ್ಲಿ ಮುಚ್ಚಿದ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ನಿನಲ್ಲಿ ಕಾರಿನ ಕಿಟಕಿಗೆ ತಟ್ಟೆ ಸಿಕ್ಕಿಸಿಕೊಂಡು ದೋಸೆ ತಿಂದವರು ಈ ಪುಟದ ವಾಚಕರಲ್ಲಿ ಎಷ್ಟೋ ಮಂದಿ ಇರಬೇಕು. ಆ ನೆನಪಿಗೆ ನಾನು ಕೈ ಹಚ್ಚುವುದಿಲ್ಲ. ದಿನದ ದೋಸೆ ಹೆಸರಿನದಾಗಲಿ. ಮಸಾಲೆದೋಸೆ ಹಬ್ಬದ ದಿನಕ್ಕಿರಲಿ.

ಕೊಳ್ಳುವಾಗ ಹೆಸರಿನ ತೊಡಕು ಬರುತ್ತದೆ, ಹೊಸದಾಗಿ ಈ ಊರಿಗೆ ಬಂದ ಸೊಸೆಯಂದಿರು ಗುರುತು ಹಾಕಿಕೊಳ್ಳಲಿ. ಹೆಸರುಕಾಳಿಗೆ ಇಲ್ಲಿ ಪಾಸಿಪಯರು, ಹುರುಳಿಗೆ ಕೊಳ್ಳು, ಅಲಸಂದೆಗೆ ಕಾರಾಮಣಿ, ಅವರೆಗೆ ಮೊಚ್ಚೈ. ರಾಗಿಗೆ ಕೇಳ್ವರಗು. ಆಡಿ ತಿಂಗಳಲ್ಲಿ ಮಾರಿಯಮ್ಮನ ಗುಡಿಗಳ ಮುಂದೆ ಹಂಚುವ ಕೂಳು ಅದರದೇ, ಹಾಗಾಗಿ ರಾಗಿ ನಮ್ಮದೊಂದೇ ಸ್ವತ್ತು ಎಂದು ಜಂಭ ಪಡುವಂತಿಲ್ಲ. ಸಜ್ಜೆ ಕಂಬು ಆಗುತ್ತದೆ, ನವಣೆ ತಿನೈ ಆಗುತ್ತದೆ. ಚೋಳಂ ಎಂದರೆ ನಮ್ಮ ಜೋಳವೇ. ಧಾರವಾಡದ ಕಡೆಯವರು ರೊಟ್ಟಿ ಹಿಟ್ಟು ಕೇಳುವಾಗ ಮಕ್ಕಾಚ್ಚೋಳಂ ಕೊಡುತ್ತಿಲ್ಲವಷ್ಟೆ ಎಂದು ನೋಡಿಕೊಳ್ಳಬೇಕು, ಅದು ಮೆಕ್ಕೆಜೋಳ. ಜೋಳದ ರೊಟ್ಟಿಯನ್ನು ಬಿಡಲಾಗದವರು ಬಿಡಬೇಕಾಗಿಯೂ ಇಲ್ಲ. ಮೂರು ರೊಟ್ಟಿಯ ಜಾಗದಲ್ಲಿ ಒಂದು ತೆಳುವಾದ ರೊಟ್ಟಿ, ಉಳಿದ ಜಾಗಕ್ಕೆ ಮಡಿಕೆಕಾಳಿನ ಉಸಲಿ, ಸೊಪ್ಪಿನ ಪಲ್ಯ, ಗಟ್ಟಿ ಮೊಸರು. ಮುದ್ದೆಯವರಿಗೂ ಅದೇ ನ್ಯಾಯ: ಮುದ್ದೆ ಚಿಕ್ಕದು, ಮಸ್ಸೊಪ್ಪು ದೊಡ್ಡದು.

ತಿನ್ನುವ ಕ್ರಮದಲ್ಲಿಯೂ ಒಂದು ವಿಷಯವುಂಟು. ತರಕಾರಿಯನ್ನೂ ಪ್ರೋಟೀನನ್ನೂ ಮೊದಲು ತಿಂದು ಪಿಷ್ಟವನ್ನು ಕಡೆಗೆ ತಿಂದರೆ ಸಕ್ಕರೆಯ ಏರಿಕೆ ತಗ್ಗುತ್ತದೆಂದು ಪ್ರಯೋಗಗಳು ತೋರಿಸಿವೆ. ನಮ್ಮ ಮದುವೆಮನೆಯ ಎಲೆಗೆ ಕೋಸಂಬರಿ, ಪಲ್ಯ ಮೊದಲು ಬೀಳುತ್ತವೆ. ನಾವು ಮಾತ್ರ ಅವನ್ನು ಮೂಲೆಯಲ್ಲಿ ಬಿಟ್ಟು ಅನ್ನ ಬರುವುದನ್ನೇ ಕಾಯುತ್ತೇವೆ. ಅನ್ನ ಬರುವುದರೊಳಗೆ ಅವನ್ನು ಮುಗಿಸಿಬಿಡಿ, ಅಷ್ಟೇ.

ಇನ್ನು ಅಣ್ಣಾನಗರದ ತರುಣಿಯ ಬಾದಾಮಿ ಬ್ರೆಡ್ಡು. ಪಿಷ್ಟ ಕಡಿಮೆ ಎಂಬುದೂ ಕ್ಯಾಲೊರಿ ಕಡಿಮೆ ಎಂಬುದೂ ಒಂದೇ ಅಲ್ಲಮ್ಮ. ಬಾದಾಮಿಯಲ್ಲಿ ಪಿಷ್ಟ ಬಹಳ ಕಡಿಮೆ, ಆದರೆ 100 ಗ್ರಾಂಗೆ 600 ಕ್ಯಾಲೊರಿ, ಮೈದಾಕ್ಕಿಂತ ಹೆಚ್ಚು! ಸಕ್ಕರೆಗಾಗಿ ತಿನ್ನುವವರಿಗೆ ಅದು ಒಗ್ಗೀತು, ತೂಕ ಇಳಿಸಲೆಂದು ತಿಂದರೆ ನಿರಾಶೆಯಾದೀತು. ಬೆಲೆಯ ಮಾತನ್ನು ನಾನು ಆಡುವುದಿಲ್ಲ, ತಂದೆತಾಯಿಗಳು ಆಡುತ್ತಾರೆ. ಕ್ಯಾಲೊರಿಯೇ ಇಳಿಯಬೇಕಾದರೆ ಬೇಳೆಗೆ ನೀರಿನಂಶವುಳ್ಳ ತರಕಾರಿಯನ್ನು ಬೆರೆಸಬೇಕು: ಹೆಸರುದೋಸೆಯ ಹಿಟ್ಟಿಗೆ ತುರಿದ ಸೋರೆಕಾಯಿ, ಎಲೆಕೋಸು, ಸೌತೆಕಾಯಿ. ಅದೇ ಗಾತ್ರದ ದೋಸೆ, ಒಳಗೆ ಬೇಳೆ ಅರ್ಧ. ಎಣ್ಣೆಯ ಚಮಚವನ್ನೂ ಅದರ ಜೊತೆಗೆ ಹಿಡಿದಿಟ್ಟುಕೊಳ್ಳಬೇಕು. ಒಂದು ದೊಡ್ಡ ಚಮಚ ಎಣ್ಣೆಗೆ 120 ಕ್ಯಾಲೊರಿ, ಒಂದೂವರೆ ಸ್ಲೈಸು ಬ್ರೆಡ್ಡು.

ಒಂದು ಎಚ್ಚರಿಕೆಯನ್ನು ಹೇಳದೆ ಈ ಪುಟವನ್ನು ಮುಗಿಸುವಂತಿಲ್ಲ. ಮಾಂಬಲದ ಸೋದರಿಯೊಬ್ಬರು ತಿಳಿಸಿದ ಸಂಗತಿ ಇದು. ಅವರ ಯಜಮಾನರು ಯಾರದೋ ಮಾತು ಕೇಳಿ ಒಂದೇ ದಿನದಲ್ಲಿ ಅನ್ನ, ಚಪಾತಿ, ಇಡ್ಲಿ ಎಲ್ಲವನ್ನೂ ಬಿಟ್ಟರು. ಮಾತ್ರೆಯನ್ನು ಮಾತ್ರ ಮೊದಲಿನಷ್ಟೇ ನುಂಗಿದರು. ಮೂರನೆಯ ದಿನ ಹನ್ನೊಂದು ಗಂಟೆಯ ಹೊತ್ತಿಗೆ ಮೈ ಬೆವರಿ, ಕೈ ನಡುಗಿ, ಮಾತು ತೊದಲತೊಡಗಿತು. ಮನೆಯಾಕೆಗೆ ಬುದ್ಧಿ ಓಡಿ ಸಕ್ಕರೆ ನೀರು ಕುಡಿಸಿದ್ದರಿಂದ ಉಳಿದರು. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೂ, ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಜಾತಿಯ ಮಾತ್ರೆ ತೆಗೆದುಕೊಳ್ಳುವವರಿಗೂ ಊಟದ ಪಿಷ್ಟ ಇಳಿದರೆ ಔಷಧವೂ ಇಳಿಯಬೇಕಾಗಬಹುದು. ಅದನ್ನು ಇಳಿಸುವವರು ವೈದ್ಯರು, ನಾವಲ್ಲ. ಡಾಪಾಗ್ಲಿಫ್ಲೊಜಿನ್, ಎಂಪಾಗ್ಲಿಫ್ಲೊಜಿನ್ ಎಂಬ ಮಾತ್ರೆಗಳವರು ಪಿಷ್ಟವನ್ನು ತೀರ ಬಿಟ್ಟರೆ ರಕ್ತ ಆಮ್ಲವಾಗಿ ಪ್ರಾಣಕ್ಕೆ ಬರುವುದೂ ಉಂಟು. ಮೂತ್ರಪಿಂಡ ಸೋತವರು ಬೇಳೆಯನ್ನು ಏರಿಸುವ ಮೊದಲು ಕೇಳಲೇಬೇಕು. ಆದ್ದರಿಂದ ಮೊದಲ ವಾರ ಒಂದು ಹೊತ್ತಿನ ಊಟವನ್ನು ಮಾತ್ರ ಬದಲಿಸಿ, ಅದನ್ನೂ ವೈದ್ಯರಿಗೆ ಹೇಳಿ.

ಮನೆಯಲ್ಲಿ ಸಕ್ಕರೆ ಅಳೆಯುವ ಯಂತ್ರವಿದ್ದರೆ ನನ್ನ ಮಾತನ್ನೂ ಅಯನಾವರದ ಹಿರಿಯರ ಮಾತನ್ನೂ ನಂಬಬೇಕಾದ್ದಿಲ್ಲ. ಒಂದು ದಿನ ಮೊದಲಿನ ತಿಂಡಿ ತಿಂದು, ತಿನ್ನತೊಡಗಿದ ಎರಡು ಗಂಟೆಗೆ ನೋಡಿ. ಇನ್ನೊಂದು ದಿನ ದೊಡ್ಡ ಮುದ್ದೆಯ ಮೇಲೆ. ಮತ್ತೊಂದು ದಿನ ನುಚ್ಚಿನುಂಡೆಯ ಮೇಲೆ. ಒಂದೇ ಹೊತ್ತು, ಒಂದೇ ಮಾತ್ರೆ ಇರಬೇಕು. ಅಂಕಿಗಳನ್ನು ಕ್ಯಾಲೆಂಡರಿನ ಮೇಲೆಯೇ ಗೀಚಿಡಿ, ಬೇರೆ ಪುಸ್ತಕ ಮಾಡಿದರೆ ಕಳೆದುಹೋಗುತ್ತದೆ.

ಬೆಳಿಗ್ಗೆ ಏಳಕ್ಕೆ ಬಸ್ಸು ಹಿಡಿಯುವ ಮನೆಗಳಲ್ಲಿ ಉಂಡೆಯನ್ನು ರಾತ್ರಿಯೇ ಬೇಯಿಸಿ, ಆರಿದ ಮೇಲೆ ಫ್ರಿಜ್ಜಿನಲ್ಲಿಟ್ಟು, ಬೆಳಿಗ್ಗೆ ಐದು ನಿಮಿಷ ಹಬೆ ತೋರಿಸಿದರೆ ಸಾಕು. ಚೆನ್ನೈಯ ಸೆಕೆಯಲ್ಲಿ ನೆನೆದ ಬೇಳೆಯನ್ನೂ ರುಬ್ಬಿದ ಹಿಟ್ಟನ್ನೂ ರಾತ್ರಿಯೆಲ್ಲ ಹೊರಗೆ ಬಿಡಬೇಡಿ, ಹುಳಿದು ನಾರುತ್ತದೆ. ಡಬ್ಬಿ ಕಟ್ಟುವಾಗ ಮಜ್ಜಿಗೆಹುಳಿಗೆ ಬೇರೆ ಡಬ್ಬಿಯೇ ಆಗಬೇಕು. ಉಂಡೆಯ ಮೇಲೆಯೇ ಸುರಿದು ಕಳಿಸಿದರೆ ಮಧ್ಯಾಹ್ನ ಆಫೀಸಿನಲ್ಲಿ ಮುಚ್ಚಳ ತೆಗೆಯುವ ಹೊತ್ತಿಗೆ ಉಂಡೆಯೂ ಇರುವುದಿಲ್ಲ, ಹುಳಿಯೂ ಇರುವುದಿಲ್ಲ.